.308 ವಿಂಚೆಸ್ಟರೋ 6.5 ಕ್ರೀಡ್‌ಮೋರೋ: ಆರಿಸುವ ಮುನ್ನ ದೂರ ಅಳೆಯಿರಿ

ಮಧ್ಯಮ ಶಕ್ತಿಯ ಬೋಲ್ಟ್ ರೈಫಲ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ ಬಂದೂಕು) ಕೊಳ್ಳಲು ಹೊರಟವರ ಪಟ್ಟಿಯಲ್ಲಿ ಕೊನೆಗೆ ಉಳಿಯುವುದು ಬಹುಪಾಲು ಈ ಎರಡು ಕಾಡತೂಸುಗಳೇ. ಎರಡೂ ಸಣ್ಣ ಆಕ್ಷನ್‌ನಲ್ಲಿ (ಕಾಡತೂಸನ್ನು ತುಂಬಿ ಹೊರಹಾಕುವ ಯಂತ್ರಭಾಗ) ಕೂರುತ್ತವೆ, ಎರಡಕ್ಕೂ ಬೋಲ್ಟಿನ ಮುಖ ಒಂದೇ ಅಳತೆ, ಮ್ಯಾಗಜೀನೂ ಸಾಮಾನ್ಯವಾಗಿ ಒಂದೇ. ಹಾಗಿದ್ದೂ ಇವುಗಳ ಹೆಸರಿನಲ್ಲಿ ನಡೆಯುವಷ್ಟು ವಾದ ಬೇರೆ ಯಾವುದರ ಹೆಸರಿನಲ್ಲೂ ನಡೆಯುವುದಿಲ್ಲ. ವಾದ ದಾರಿ ತಪ್ಪುವುದು ಒಂದೇ ಜಾಗದಲ್ಲಿ: ಸಾವಿರ ಗಜದ ಅಂಕಿ ಮುಂದಿಟ್ಟುಕೊಂಡು ನೂರೈವತ್ತು ಮೀಟರಿನ ಬೇಟೆಗೆ ರೈಫಲ್ ಆರಿಸುತ್ತಾರೆ, ಅಥವಾ ನೂರೈವತ್ತು ಮೀಟರಿನ ಅನುಭವ ಇಟ್ಟುಕೊಂಡು ದೂರದ ಸ್ಪರ್ಧೆಗೆ ಸಲಹೆ ಕೊಡುತ್ತಾರೆ.

ಆದ್ದರಿಂದ ಮೊದಲು ಎರಡು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಬರೆದಿಟ್ಟುಕೊಳ್ಳಿ. ನಿಜವಾಗಿ ಎಷ್ಟು ದೂರಕ್ಕೆ ಹೊಡೆಯುತ್ತೀರಿ? ವರ್ಷಕ್ಕೆ ಎಷ್ಟು ಗುಂಡು ಸುಡುತ್ತೀರಿ? ಉಳಿದ ಲೆಕ್ಕವೆಲ್ಲ ಈ ಎರಡು ಉತ್ತರಗಳ ಹಿಂದೆ ಬರುತ್ತದೆ.

ಹುಟ್ಟು ಮತ್ತು ಆಕಾರ

.308 ವಿಂಚೆಸ್ಟರ್ 1952ರಲ್ಲಿ ಮಾರುಕಟ್ಟೆಗೆ ಬಂತು. ಇದರ ಸೇನಾ ಜೋಡಿ 7.62×51 ನೇಟೋ ಮಾನ್ಯವಾದದ್ದು 1954ರಲ್ಲಿ. ಹಳೆಯ ಅಮೆರಿಕನ್ ಸೇನಾ ಕಾಡತೂಸು .30-06ರ ಕೆಲಸವನ್ನು ಗಿಡ್ಡ ಕೇಸಿನಲ್ಲಿ (ಮದ್ದು ತುಂಬುವ ಹಿತ್ತಾಳೆಯ ಕೊಳವೆ) ಮಾಡಿ ಮುಗಿಸುವುದು ಇದರ ಉದ್ದೇಶ. ಏಳು ದಶಕಗಳಿಂದ ಬಳಕೆಯಲ್ಲಿರುವುದರಿಂದ ಇದಕ್ಕೆ ಸಿಗದ ಗುಂಡಿಲ್ಲ, ಇದಕ್ಕೆ ರೈಫಲ್ ಮಾಡದ ಕಾರ್ಖಾನೆಯೂ ಕಡಿಮೆ.

6.5 ಕ್ರೀಡ್‌ಮೋರ್ ಹಾರ್ನಡಿ ಕಂಪನಿಯ ಕೂಸು, 2007ರದ್ದು. ದೂರದ ಗುರಿಸ್ಪರ್ಧೆಗೆಂದೇ ರೂಪಿಸಿದ್ದು. 6.5 ಮಿ.ಮೀ. ಗುಂಡನ್ನು ಸಣ್ಣ ಆಕ್ಷನ್‌ಗೆ ತರುವ ಯೋಚನೆ ಹೊಸದೇನಲ್ಲ. .260 ರೆಮಿಂಗ್ಟನ್ ಅದಕ್ಕೂ ಹತ್ತು ವರ್ಷ ಮೊದಲೇ ಅದನ್ನು ಮಾಡಿತ್ತು. ಆದರೆ .260ರ ಕೇಸ್ ಉದ್ದ. ನೀಳ ಮೂಗಿನ ಗುಂಡು ಹಾಕಿದರೆ ಒಂದೋ ಮ್ಯಾಗಜೀನಿಗೆ ಹಿಡಿಸುವುದಿಲ್ಲ, ಇಲ್ಲವೇ ಗುಂಡಿನ ಬುಡ ಮದ್ದಿನ ಜಾಗವನ್ನು ನುಂಗುತ್ತದೆ. ಕ್ರೀಡ್‌ಮೋರ್‌ನಲ್ಲಿ ಕೇಸನ್ನೇ 48.8 ಮಿ.ಮೀ.ಗೆ ಇಳಿಸಿ, ಕೇಸು ಕತ್ತಿನ ಕಡೆಗೆ ಕಿರಿದಾಗುವ ಭುಜವನ್ನು 30 ಡಿಗ್ರಿಗೆ ಕಡಿದು, ಗುಂಡಿನ ಮೂಗಿಗೆ ಜಾಗ ಬಿಟ್ಟರು. ಜೊತೆಗೆ ಬಹುತೇಕ ತಯಾರಕರು ಮೊದಲಿನಿಂದಲೇ 1:8 ಟ್ವಿಸ್ಟಿನ (ಗುಂಡು ಎಂಟು ಇಂಚಿಗೆ ಒಂದು ಸುತ್ತು ತಿರುಗುವ) ನಳಿಗೆ ಕೊಟ್ಟರು. ಹೀಗಾಗಿ ಯಾವ ಪೆಟ್ಟಿಗೆಯ ಗುಂಡು ಯಾವ ನಳಿಗೆಯಿಂದ ನೆಟ್ಟಗೆ ಹಾರುತ್ತದೆ ಎಂಬ ತಲೆಬಿಸಿ ಕ್ರೀಡ್‌ಮೋರ್ ಕೊಂಡವರಿಗೆ ಇಲ್ಲವೇ ಇಲ್ಲ. .308ರಲ್ಲಿ ಅದು ಇದೆ, ಮುಂದೆ ಹೇಳುತ್ತೇವೆ.

| | .308 ವಿಂಚೆಸ್ಟರ್ | 6.5 ಕ್ರೀಡ್‌ಮೋರ್ |
|---|---|---|
| ಗುಂಡಿನ ವ್ಯಾಸ | 7.82 ಮಿ.ಮೀ. | 6.71 ಮಿ.ಮೀ. |
| ಕೇಸಿನ ಉದ್ದ | 51.2 ಮಿ.ಮೀ. | 48.8 ಮಿ.ಮೀ. |
| ಭುಜದ ಕೋನ | 20 ಡಿಗ್ರಿ | 30 ಡಿಗ್ರಿ |
| ಗರಿಷ್ಠ ಒತ್ತಡ | 62,000 ಪಿ.ಎಸ್.ಐ. | 62,000 ಪಿ.ಎಸ್.ಐ. |
| ಸಾಮಾನ್ಯ ಟ್ವಿಸ್ಟ್ | 1:10ರಿಂದ 1:12 | 1:8 |
| ಬೇಟೆಗೆ ಬಳಸುವ ಗುಂಡಿನ ತೂಕ (1 ಗ್ರೇನ್ = ಸುಮಾರು 0.065 ಗ್ರಾಂ) | 150–180 ಗ್ರೇನ್ | 120–147 ಗ್ರೇನ್ |

300 ಮೀಟರಿನೊಳಗೆ

ಹೋಲಿಕೆ ನ್ಯಾಯವಾಗಿರಲು ಒಂದೇ ವೇಗದಲ್ಲಿ ಹೊರಡುವ ಎರಡು ಗುಂಡುಗಳನ್ನು ತೆಗೆದುಕೊಳ್ಳೋಣ: .308ರಲ್ಲಿ 165 ಗ್ರೇನಿನ ಮಾಮೂಲಿ ಬೇಟೆಗುಂಡು, ಕ್ರೀಡ್‌ಮೋರ್‌ನಲ್ಲಿ 143 ಗ್ರೇನಿನ ನೀಳಗುಂಡು. ಎರಡೂ ನಳಿಗೆಯ ಬಾಯಲ್ಲಿ ಸೆಕೆಂಡಿಗೆ ಸುಮಾರು 823 ಮೀಟರ್. ಶಕ್ತಿ .308ಕ್ಕೆ ಸುಮಾರು 3,620 ಜೂಲ್, ಕ್ರೀಡ್‌ಮೋರ್‌ಗೆ 3,140. ಆರಂಭದಲ್ಲಿ .308 ಮುಂದು, ಅನುಮಾನವಿಲ್ಲ.

ಆದರೆ ಗಾಳಿಯನ್ನು ಸೀಳುವುದರಲ್ಲಿ ತೆಳ್ಳನೆಯ ಗುಂಡು ಗೆಲ್ಲುತ್ತದೆ. 165 ಗ್ರೇನಿನದರ ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್ (ಗಾಳಿಯ ತಡೆಯನ್ನು ಮೀರುವ ಸಾಮರ್ಥ್ಯದ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು) 0.45ರ ಆಸುಪಾಸು, 143 ಗ್ರೇನಿನದು 0.62. 300 ಮೀಟರ್ ಮುಟ್ಟುವಾಗ .308ರ ವೇಗ 635ಕ್ಕೆ ಇಳಿದಿರುತ್ತದೆ, ಕ್ರೀಡ್‌ಮೋರ್‌ನದು 685ರ ಹತ್ತಿರ ಉಳಿದಿರುತ್ತದೆ. ಅಲ್ಲಿ ಶಕ್ತಿಯನ್ನು ಲೆಕ್ಕ ಹಾಕಿದರೆ ಎರಡೂ 2,150–2,200 ಜೂಲ್‌ಗಳಲ್ಲಿ ಸರಿಸಮ. .308ರಲ್ಲಿ 178 ಗ್ರೇನಿನ ನೀಳಗುಂಡು ಹಾಕಿದರೆ ಅದು ಮತ್ತೆ ಸ್ವಲ್ಪ ಮುಂದೆ ಬರುತ್ತದೆ, ಜೊತೆಗೆ ಗುಂಡು ಹಾರಿದಾಗ ಭುಜಕ್ಕೆ ಬೀಳುವ ಒದೆತವೂ ಏರುತ್ತದೆ.

ಇಳಿತದ ವಿಷಯದಲ್ಲಂತೂ ಈ ದೂರದೊಳಗೆ ವ್ಯತ್ಯಾಸ ಹುಡುಕಬೇಕು. ಸ್ಕೋಪ್ ನಳಿಗೆಗಿಂತ 4.5 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. 100 ಮೀಟರಿನಲ್ಲಿ ಗುಂಡು 4 ಸೆಂ.ಮೀ. ಮೇಲೆ ಬೀಳುವಂತೆ ಹೊಂದಿಸಿದರೆ ಎರಡೂ 165–170 ಮೀಟರಿನಲ್ಲಿ ನಟ್ಟ ನಡುವೆ ಬಡಿಯುತ್ತವೆ. 220 ಮೀಟರಿನಲ್ಲಿ ಎರಡೂ ಸುಮಾರು 9–10 ಸೆಂ.ಮೀ. ಕೆಳಗೆ. ಜಿಂಕೆ ಗಾತ್ರದ ಪ್ರಾಣಿಯ ಎದೆಗೆ ಗುರಿಯಿಟ್ಟವರು ಅಲ್ಲಿಯವರೆಗೆ ಸ್ಕೋಪಿನ ಯಾವ ಗುಂಡಿಯನ್ನೂ ತಿರುಗಿಸಬೇಕಿಲ್ಲ, ಕಾಡತೂಸು ಯಾವುದೇ ಆಗಿರಲಿ.

ಅಡ್ಡಗಾಳಿಯಲ್ಲಿ ಅಂತರ ಕಾಣಿಸತೊಡಗುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ ಪೂರ್ತಿ ಅಡ್ಡಕ್ಕೆ ಬೀಸಿದರೆ 300 ಮೀಟರಿನಲ್ಲಿ .308ರ ಗುಂಡು ಸುಮಾರು 24 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ, ಕ್ರೀಡ್‌ಮೋರ್‌ನದು ಸುಮಾರು 17. ಏಳು ಸೆಂಟಿಮೀಟರ್ ಎಂದರೆ ಹೊಟ್ಟೆಗೂ ಶ್ವಾಸಕೋಶಕ್ಕೂ ನಡುವಿನ ಅಂತರವಾಗಬಹುದು. ಹಾಗೆಂದು ಇದನ್ನು ಕ್ರೀಡ್‌ಮೋರ್‌ನ ಗೆಲುವು ಎಂದು ಬೀಗುವವರು ಒಂದು ಮಾತು ಮರೆಯುತ್ತಾರೆ: ಗಾಳಿಯ ವೇಗವನ್ನು ಅಂದಾಜು ಮಾಡುವುದರಲ್ಲಿ ಸಾಮಾನ್ಯ ಬೇಟೆಗಾರ ಮಾಡುವ ತಪ್ಪು ಇದಕ್ಕಿಂತ ದೊಡ್ಡದು. ಗಾಳಿ ಓದಲು ಬಾರದವನು 300 ಮೀಟರಿನಲ್ಲಿ ಪ್ರಾಣಿಯ ಮೇಲೆ ಗುಂಡು ಹಾರಿಸಬಾರದು.

ಒದೆತ

ಎರಡರಲ್ಲಿ ಆಯ್ಕೆಯನ್ನು ನಿಜವಾಗಿ ನಿರ್ಧರಿಸಬೇಕಾದ ವಿಷಯ ಇದು. ಅಂಗಡಿಯಲ್ಲಿ ಇದರ ಬಗ್ಗೆ ಮಾತೇ ಬರುವುದಿಲ್ಲ, ಏಕೆಂದರೆ ಒದೆತ ನೋಯುತ್ತದೆ ಎಂದು ಒಪ್ಪಿಕೊಳ್ಳಲು ಗಂಡಸರಿಗೆ ನಾಚಿಕೆ.

ಸ್ಕೋಪ್ ಸೇರಿ 3.6 ಕಿಲೋ ತೂಗುವ ರೈಫಲ್‌ನಲ್ಲಿ .308ರ 165 ಗ್ರೇನ್ ಗುಂಡಿನ ಒದೆತ ಸುಮಾರು 23 ಜೂಲ್, ಕ್ರೀಡ್‌ಮೋರ್‌ನ 143 ಗ್ರೇನ್ ಗುಂಡಿನದು ಸುಮಾರು 18. ಐದನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆ. ಒಂದು ಗುಂಡಿಗೆ ಇದು ಗೊತ್ತೇ ಆಗುವುದಿಲ್ಲ. ಬೆಂಚಿನ ಮೇಲೆ ಕುಳಿತು ಇಪ್ಪತ್ತನೇ ಗುಂಡು ಹಾರಿಸುವಾಗ ಗೊತ್ತಾಗುತ್ತದೆ. ಭುಜ ಮುಂಚೆಯೇ ಬಿಗಿಯುತ್ತದೆ, ಕಣ್ಣು ಮುಚ್ಚುತ್ತದೆ, ಟ್ರಿಗರ್ ಮೇಲಿನ ಬೆರಳು ಒತ್ತುವ ಬದಲು ಕೀಳುತ್ತದೆ. ಗುಂಡು ಬಲಗೈಯವರಿಗೆ ಸಾಮಾನ್ಯವಾಗಿ ಕೆಳಗೆ ಎಡಕ್ಕೆ ಹೋಗುತ್ತದೆ. ಆಗ ಅವರು ಸ್ಕೋಪ್ ತಿರುಗಿಸುತ್ತಾರೆ, ಗುಂಡಿನ ಪೆಟ್ಟಿಗೆ ಬದಲಿಸುತ್ತಾರೆ, ನಳಿಗೆಯನ್ನು ಬೈಯುತ್ತಾರೆ.

ಪರೀಕ್ಷೆ ಸರಳ. ಜೊತೆಗಾರನ ಕೈಗೆ ರೈಫಲ್ ಕೊಟ್ಟು, ಕೆಲವು ಸಲ ನಿಜವಾದ ಕಾಡತೂಸು, ಕೆಲವು ಸಲ ಮದ್ದಿಲ್ಲದ ನಕಲಿ ಕಾಡತೂಸು ಹಾಕಿ ನಿಮಗೆ ತಿಳಿಯದಂತೆ ಕೊಡಲು ಹೇಳಿ. ನಕಲಿಯ ಮೇಲೆ ಸೂಜಿ ಬಿದ್ದಾಗ ನಳಿಗೆ ಮೂಗು ತಗ್ಗಿಸಿದರೆ ಬೆಚ್ಚುವ ಚಾಳಿ ಬಂದಿದೆ ಎಂದು ಅರ್ಥ. ಹತ್ತು ಸಲದಲ್ಲಿ ಮೂರು ಸಲ ಹಾಗಾದರೂ .308 ಸದ್ಯಕ್ಕೆ ಬೇಡ, ಅಥವಾ ರೈಫಲ್ ಇನ್ನೂ ಅರ್ಧ ಕಿಲೋ ಭಾರವಾಗಲಿ. ಹೊಸಬರಿಗೆ, ಸಣ್ಣ ಮೈಕಟ್ಟಿನವರಿಗೆ, ವರ್ಷಕ್ಕೆ ಹತ್ತೇ ಗುಂಡು ಹಾರಿಸುವವರಿಗೆ ಕ್ರೀಡ್‌ಮೋರ್ ಎನ್ನುವುದರಲ್ಲಿ ನಮಗೆ ಸಂಶಯವಿಲ್ಲ.

ಒದೆತ ಕಡಿಮೆಯಾದರೆ ಇನ್ನೊಂದು ಲಾಭವಿದೆ. ಗುಂಡು ಬಡಿದ ಕ್ಷಣದಲ್ಲಿ ಸ್ಕೋಪಿನೊಳಗೆ ಚಿತ್ರ ಉಳಿದಿರುತ್ತದೆ. ಎಲ್ಲಿ ಬಡಿಯಿತು, ಪ್ರಾಣಿ ಹೇಗೆ ಪ್ರತಿಕ್ರಿಯಿಸಿತು, ಯಾವ ಕಡೆ ಓಡಿತು ಎಂಬುದನ್ನು ಕಣ್ಣಾರೆ ಕಾಣಬಹುದು. ಮಜಲ್ ಬ್ರೇಕ್ (ನಳಿಗೆಯ ತುದಿಯಲ್ಲಿ ಅನಿಲವನ್ನು ಪಕ್ಕಕ್ಕೆ ತಿರುಗಿಸುವ ಬಿಡಿಭಾಗ) ಹಾಕಿ .308ರ ಒದೆತವನ್ನೂ ತಗ್ಗಿಸಬಹುದು, ಆದರೆ ಶಬ್ದ ಪಕ್ಕದವರ ಕಿವಿಗೆ ಬಡಿಯುತ್ತದೆ. ಬೇಟೆಯಲ್ಲಿ ಕಿವಿರಕ್ಷೆ ಇಲ್ಲದೆ ಬ್ರೇಕ್ ಬಳಸುವುದು ಕಿವಿಯನ್ನು ಕೈಯಾರೆ ಕಳೆದುಕೊಳ್ಳುವ ಕೆಲಸ. ಕಾನೂನು ಒಪ್ಪುವ ಕಡೆ ಶಬ್ದ ತಗ್ಗಿಸುವ ಸಪ್ರೆಸರ್ ಒಳ್ಳೆಯದು.

ಬೇಟೆಗೆ ಗುಂಡಿನ ಆಯ್ಕೆ

ಕಾಡತೂಸಿನ ಹೆಸರಿಗಿಂತ ಗುಂಡಿನ ರಚನೆ ಮುಖ್ಯ. ಪ್ರಾಣಿಯ ಒಳಗೆ ಗುಂಡು ಅರಳಬೇಕು, ಆದರೆ ಪುಡಿಯಾಗಬಾರದು. ಅರಳಲು ಕನಿಷ್ಠ ಒಂದು ವೇಗ ಬೇಕು. ಸೀಸದ ತಿರುಳಿನ ಬಹಳಷ್ಟು ಬೇಟೆಗುಂಡುಗಳಿಗೆ ಅದು ಸೆಕೆಂಡಿಗೆ ಸುಮಾರು 550 ಮೀಟರ್, ಪೂರ್ತಿ ತಾಮ್ರದ ಹಲವು ಗುಂಡುಗಳಿಗೆ ಸುಮಾರು 600. ಪೆಟ್ಟಿಗೆಯ ಮೇಲೆ ಅಥವಾ ತಯಾರಕರ ಪಟ್ಟಿಯಲ್ಲಿ ಈ ಅಂಕಿ ಇರುತ್ತದೆ. ನಿಮ್ಮ ಗುಂಡಿನ ವೇಗ ಯಾವ ದೂರದಲ್ಲಿ ಅದಕ್ಕಿಂತ ಕೆಳಗಿಳಿಯುತ್ತದೋ ಅದೇ ನಿಮ್ಮ ಬೇಟೆಯ ಗಡಿ. ಮೇಲಿನ 165 ಗ್ರೇನ್ ಗುಂಡು ತಾಮ್ರದ್ದಾಗಿದ್ದರೆ 300 ಮೀಟರ್ ದಾಟುವ ಹೊತ್ತಿಗೆ ಆ ಗಡಿಯ ಹತ್ತಿರ ಬಂದಿರುತ್ತದೆ. ಗಡಿಯಾಚೆ ಗುಂಡು ಅರಳದೆ ಪೆನ್ಸಿಲ್ ದಪ್ಪದ ರಂಧ್ರ ಮಾಡಿ ಹೊರಟುಹೋಗುತ್ತದೆ, ಗಾಯಗೊಂಡ ಪ್ರಾಣಿ ಮೈಲಿಗಟ್ಟಲೆ ಓಡುತ್ತದೆ.

ಸ್ಪರ್ಧೆಯ ಗುಂಡನ್ನು ಬೇಟೆಗೆ ಒಯ್ಯಬೇಡಿ. ಮೂಗಿನ ತುದಿಯಲ್ಲಿ ಸಣ್ಣ ತೂತಿರುವ ಮ್ಯಾಚ್ ಗುಂಡು ನೋಡಲು ಮೂಗು ಟೊಳ್ಳಾದ ಬೇಟೆಗುಂಡು ಹಾಲೋ ಪಾಯಿಂಟ್‌ನಂತಿದ್ದರೂ ಅರಳಲೆಂದು ಮಾಡಿದ್ದಲ್ಲ. ಒಮ್ಮೆ ಸಿಡಿದು ಚೂರಾಗುತ್ತದೆ, ಒಮ್ಮೆ ಹಾಗೇ ತೂರಿಹೋಗುತ್ತದೆ. ಕ್ರೀಡ್‌ಮೋರ್ ಬಳಗದಲ್ಲಿ ಈ ತಪ್ಪು ಹೆಚ್ಚು, ಏಕೆಂದರೆ ಅದಕ್ಕೆ ಸಿಗುವ ಪೆಟ್ಟಿಗೆಗಳಲ್ಲಿ ಮ್ಯಾಚ್ ಗುಂಡಿನವೇ ಬಹಳ.

ತೆಳ್ಳಗಿನ 6.5 ಗುಂಡು ಒಳಗೆ ಎಷ್ಟು ಆಳ ಹೋಗುತ್ತದೆ ಎಂಬ ಅನುಮಾನ ಹಲವರಿಗೆ. ಅಡ್ಡಕೊಯ್ತದ ಅಳತೆಗೆ ತೂಕ ಎಷ್ಟು ಎಂಬ ಸೆಕ್ಷನಲ್ ಡೆನ್ಸಿಟಿ ಲೆಕ್ಕದಲ್ಲಿ 143 ಗ್ರೇನಿನ 6.5 ಗುಂಡಿಗೆ 0.293, .308ರ 165 ಗ್ರೇನಿಗೆ 0.248, 180 ಗ್ರೇನಿಗೂ 0.271 ಅಷ್ಟೇ. ಅಂದರೆ ತೆಳ್ಳಗಿದ್ದರೂ ಆಳಕ್ಕೆ ಹೋಗುತ್ತದೆ. 1894ರ 6.5×55 ಸ್ವೀಡಿಷ್ ಕಾಡತೂಸು ಇದೇ ವ್ಯಾಸದ ಉದ್ದ ಗುಂಡಿನಿಂದ ಸ್ಕ್ಯಾಂಡಿನೇವಿಯಾದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಮೂಸ್ (ಅತಿ ದೊಡ್ಡ ಜಿಂಕೆ ಜಾತಿ) ಬೇಟೆಗೆ ಬಳಕೆಯಲ್ಲಿದೆ.

ಹಾಗಾದರೆ .308ರ ಮೇಲುಗೈ ಎಲ್ಲಿ? ಹತ್ತಿರದಲ್ಲಿ ಮತ್ತು ದಪ್ಪ ಮೈಯ ಪ್ರಾಣಿಗಳಲ್ಲಿ. ಪೊದೆಯಿಂದ ನುಗ್ಗಿ ಬರುವ ದೊಡ್ಡ ಕಾಡುಹಂದಿ, ಮೂಸ್, ಎಲ್ಕ್ ಮುಂತಾದವು ಓರೆಯಾಗಿ ನಿಂತಿದ್ದರೆ ಮೂಳೆ ಒಡೆದು ಆಚೆ ಹೊರಬರುವ ಭಾರದ ಗುಂಡು ಬೇಕು. 180 ಗ್ರೇನಿನ ಬಾಂಡೆಡ್ (ತಿರುಳನ್ನು ಹೊರಕವಚಕ್ಕೆ ಬೆಸೆದ) ಗುಂಡು ಅಲ್ಲಿ ಮಾಡುವ ರಂಧ್ರ ದೊಡ್ಡದು, ರಕ್ತದ ಜಾಡು ಹಿಡಿಯುವುದು ಸುಲಭ. ದಟ್ಟ ಕಾಡಿನಲ್ಲಿ ಸಂಜೆ ಹೊತ್ತು ಪ್ರಾಣಿಯನ್ನು ಹುಡುಕಿಕೊಂಡು ಹೋಗಬೇಕಾದವರಿಗೆ ಇದರ ಬೆಲೆ ತಿಳಿದಿದೆ. ಕ್ರೀಡ್‌ಮೋರ್‌ನಿಂದಲೂ ಆ ಪ್ರಾಣಿಗಳನ್ನು ಬೀಳಿಸಬಹುದು, ಆದರೆ ಪಕ್ಕಕ್ಕೆ ತಿರುಗುವವರೆಗೆ ಕಾಯುವ ತಾಳ್ಮೆ ಬೇಕು.

ತಾಮ್ರದ ಗುಂಡು ಕಡ್ಡಾಯವಿರುವ ಕಡೆ ಟ್ವಿಸ್ಟ್ ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬಂದೂಕಿನ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ತಾಮ್ರ ಸೀಸಕ್ಕಿಂತ ಹಗುರ, ಆದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಉದ್ದ ಗುಂಡು ನೆಟ್ಟಗೆ ಹಾರಲು ಬಿರುಸಾಗಿ ತಿರುಗಬೇಕು. ಹಳೆಯ .308 ರೈಫಲ್‌ಗಳ 1:12 ನಳಿಗೆ 165 ಗ್ರೇನಿನ ತಾಮ್ರದ ಗುಂಡಿಗೆ ಅಷ್ಟಕ್ಕಷ್ಟೇ ಸಾಲುತ್ತದೆ, ಥಂಡಿ ಹವೆಯಲ್ಲಿ ಗುಂಪು (ಹಲಗೆಯ ಮೇಲೆ ಗುಂಡುಗಳು ಬಿದ್ದ ತೂತುಗಳು) ಚದುರುತ್ತದೆ. ಅಂಥ ನಳಿಗೆಗೆ 130–150 ಗ್ರೇನಿನ ತಾಮ್ರ ಸಾಕು. 1:10 ಇದ್ದರೆ ಚಿಂತೆಯಿಲ್ಲ. ಕ್ರೀಡ್‌ಮೋರ್‌ನ 1:8ರಲ್ಲಿ 120–127 ಗ್ರೇನಿನ ತಾಮ್ರದ ಗುಂಡುಗಳು ಸಲೀಸು. ಗುರಿಹಲಗೆಯ ಮೇಲೆ ತೂತು ಗುಂಡಾಗಿರದೆ ಮೊಟ್ಟೆಯಾಕಾರದಲ್ಲಿದ್ದರೆ ಗುಂಡು ಓಲಾಡುತ್ತಿದೆ ಎಂದು ತಿಳಿಯಿರಿ, ಆ ತೂಕವನ್ನು ಬಿಟ್ಟುಬಿಡಿ.

ಕಾನೂನನ್ನು ಮೊದಲೇ ನೋಡಿ. ಜರ್ಮನಿಯಲ್ಲಿ ಕೆಂಪು ಜಿಂಕೆ, ಕಾಡುಹಂದಿಯಂಥ ಪ್ರಾಣಿಗಳಿಗೆ ಕನಿಷ್ಠ 6.5 ಮಿ.ಮೀ. ವ್ಯಾಸ ಮತ್ತು 100 ಮೀಟರಿನಲ್ಲಿ 2,000 ಜೂಲ್ ಬೇಕು. ಎರಡೂ ಕಾಡತೂಸುಗಳು ಪಾಸು. ಕೆಲವು ದೇಶಗಳಲ್ಲಿ ಗುಂಡಿನ ತೂಕಕ್ಕೂ ಮಿತಿಯಿದೆ, ಅಲ್ಲಿ ಹಗುರ 6.5 ಗುಂಡು ತಪ್ಪಿಹೋಗಬಹುದು. ಇನ್ನು ಕೆಲವೆಡೆ ಸೇನೆಯ ಅಳತೆ ಎಂಬ ಕಾರಣಕ್ಕೆ .308 ಜನಸಾಮಾನ್ಯರಿಗೆ ಸಿಗುವುದೇ ಇಲ್ಲ, ಬೇಟೆಯೇ ನಿಷಿದ್ಧವಾಗಿರುವ ದೇಶಗಳೂ ಇವೆ. ಅಲ್ಲೆಲ್ಲ ಈ ಹೋಲಿಕೆಯಲ್ಲಿ ರೇಂಜಿನ ಭಾಗವಷ್ಟೇ ಉಪಯೋಗಕ್ಕೆ ಬರುತ್ತದೆ.

ದೂರದ ಗುರಿಗೆ

500 ಮೀಟರ್ ದಾಟಿದ ಮೇಲೆ ವಾದಕ್ಕೆ ಜಾಗ ಉಳಿಯುವುದಿಲ್ಲ. 1,000 ಗಜ, ಅಂದರೆ 914 ಮೀಟರಿನಲ್ಲಿ 100 ಗಜಕ್ಕೆ ಹೊಂದಿಸಿದ ರೈಫಲ್ ಅನ್ನು ಕ್ರೀಡ್‌ಮೋರ್‌ನ 140 ಗ್ರೇನ್ ಮ್ಯಾಚ್ ಗುಂಡಿಗೆ ಸುಮಾರು 9 ಮಿಲ್ (1 ಮಿಲ್ ಎಂದರೆ 100 ಮೀಟರಿನಲ್ಲಿ 10 ಸೆಂ.ಮೀ.) ಏರಿಸಬೇಕು, .308ರ 175 ಗ್ರೇನ್ ಗುಂಡಿಗೆ 11ರಿಂದ 12. ಇಳಿತ ದೊಡ್ಡ ಸಮಸ್ಯೆಯಲ್ಲ, ಅದನ್ನು ಲೆಕ್ಕ ಹಾಕಿ ತಿರುಗಿಸಬಹುದು. ಗಾಳಿಯನ್ನು ಹಾಗೆ ಮಾಡಲಾಗದು. ಗಂಟೆಗೆ 16 ಕಿ.ಮೀ. ಅಡ್ಡಗಾಳಿಗೆ ಕ್ರೀಡ್‌ಮೋರ್ ಸುಮಾರು 1.8 ಮೀಟರ್ ಸರಿದರೆ .308 ಸುಮಾರು 2.6 ಮೀಟರ್ ಸರಿಯುತ್ತದೆ. ಗಾಳಿಯ ಅಂದಾಜಿನಲ್ಲಿ ಕಾಲು ಭಾಗ ತಪ್ಪಾದರೆ ಮೊದಲನೆಯದು 45 ಸೆಂ.ಮೀ., ಎರಡನೆಯದು 65 ಸೆಂ.ಮೀ. ತಪ್ಪುತ್ತದೆ.

.308ರಲ್ಲಿ ಗುಂಡಿನ ಆಯ್ಕೆ ಇಲ್ಲಿ ಇನ್ನೂ ಸೂಕ್ಷ್ಮ. ಹೆಸರುವಾಸಿಯಾದ 168 ಗ್ರೇನಿನ ಹಳೆಯ ಮ್ಯಾಚ್ ಗುಂಡು 600 ಗಜದವರೆಗೆ ಚಿನ್ನದಂಥದ್ದು. 800 ಮೀಟರಿನ ಆಸುಪಾಸಿನಲ್ಲಿ ಶಬ್ದದ ವೇಗದ ಹತ್ತಿರ ಬಂದಾಗ ಅದರ ಹಿಂಬದಿಯ ಕಡಿದಾದ ಇಳಿಜಾರಿನಿಂದಾಗಿ ಓಲಾಡಲು ಶುರುಮಾಡುತ್ತದೆ. ಅದಕ್ಕೇ 175 ಗ್ರೇನಿನದನ್ನು ಹಿಂಬದಿಯ ಕೋನ ತಗ್ಗಿಸಿ ಮಾಡಿದರು. ದೂರಕ್ಕೆ .308 ಬಳಸುವವರು 168 ಕೊಂಡು ತಂದು ಸಾವಿರ ಗಜದಲ್ಲಿ ಹಲಗೆಗೇ ಬೀಳುತ್ತಿಲ್ಲ ಎಂದು ಕೊರಗುವುದು ಸಾಮಾನ್ಯ. ಕ್ರೀಡ್‌ಮೋರ್‌ನ 140 ಗ್ರೇನ್ ಗುಂಡು 1,100 ಮೀಟರಿನಾಚೆಗೂ ಶಬ್ದಕ್ಕಿಂತ ವೇಗವಾಗಿಯೇ ಹೋಗುತ್ತದೆ, ಆದ್ದರಿಂದ ಈ ತೊಂದರೆ ಅಷ್ಟು ಬೇಗ ಎದುರಾಗುವುದಿಲ್ಲ.

ಇದಕ್ಕೊಂದು ತಿರುವೂ ಇದೆ. ಗಾಳಿ ಓದಲು ಕಲಿಯಬೇಕೆನ್ನುವವರಿಗೆ .308 ಒಳ್ಳೆಯ ಗುರು. ತಪ್ಪನ್ನು ದೊಡ್ಡದಾಗಿ ತೋರಿಸುತ್ತದೆ, ಅದೂ 600 ಮೀಟರಿನ ರೇಂಜಿನಲ್ಲೇ.

ನಳಿಗೆಯ ಆಯುಷ್ಯ

ಎರಡೂ ಸುಮಾರು ಒಂದೇ ಪ್ರಮಾಣದ ಮದ್ದು ಸುಡುತ್ತವೆ. ಆದರೆ 6.5ರ ರಂಧ್ರದ ವಿಸ್ತೀರ್ಣ .308ಕ್ಕಿಂತ ಕಾಲು ಭಾಗ ಕಡಿಮೆ. ಅಷ್ಟೇ ಬಿಸಿ ಅನಿಲ ಕಿರಿದಾದ ಗಂಟಲಿನಿಂದ ಹಾದುಹೋಗಬೇಕು. ಛೇಂಬರಿನ (ಕಾಡತೂಸು ಕೂರುವ ಕುಳಿ) ಮುಂದೆ ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು) ಶುರುವಾಗುವ ಜಾಗ ಬೇಗ ಸವೆಯುತ್ತದೆ. ಸ್ಪರ್ಧೆಯ ಮಟ್ಟದ ನಿಖರತೆ ಕ್ರೀಡ್‌ಮೋರ್ ನಳಿಗೆಯಲ್ಲಿ ಸಾಮಾನ್ಯವಾಗಿ 2,000–3,000 ಗುಂಡು ಉಳಿಯುತ್ತದೆ, .308ರಲ್ಲಿ 5,000 ಮತ್ತು ಅದರಾಚೆ.

ಈ ಅಂಕಿ ಕೇಳಿ ಬೇಟೆಗಾರರು ಹೆದರಬೇಕಿಲ್ಲ. ವರ್ಷಕ್ಕೆ 60 ಗುಂಡು ಸುಡುವವರಿಗೆ 2,500 ಗುಂಡಿನ ನಳಿಗೆ ನಲವತ್ತು ವರ್ಷ ಬರುತ್ತದೆ. ತಿಂಗಳಿಗೆ 200 ಗುಂಡು ಸುಡುವ ಗುರಿಕಾರರಿಗೆ ಅದೇ ನಳಿಗೆ ವರ್ಷಕ್ಕೆ ಮುಗಿಯುತ್ತದೆ. ಹೊಸ ನಳಿಗೆಯ ಬೆಲೆ, ಅದನ್ನು ಕೂರಿಸುವ ಕೂಲಿ ಎರಡನ್ನೂ ಅವರು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಗುಂಡಿನ ಎಣಿಕೆಗಿಂತ ನಳಿಗೆಯನ್ನು ಹೆಚ್ಚು ಕೊಲ್ಲುವುದು ಬಿಸಿ. ಹತ್ತು ಗುಂಡು ಸತತವಾಗಿ ಹಾರಿಸಿದ ಮೇಲೆ ನಳಿಗೆಯನ್ನು ಕೈಯಲ್ಲಿ ಹಿಡಿದು ಐದು ಸೆಕೆಂಡ್ ತಡೆಯಲಾಗದಿದ್ದರೆ ಬೋಲ್ಟ್ ತೆರೆದಿಟ್ಟು ತಣಿಯಲು ಬಿಡಿ.

ಕ್ರೀಡ್‌ಮೋರ್‌ನಲ್ಲಿ ಇನ್ನೊಂದು ಕಾಟ ಕರಿ ಉಂಗುರ. ಕೇಸಿನ ಕತ್ತಿನ ತುದಿ ಕೊನೆಯಾಗುವಲ್ಲಿ ಇಂಗಾಲ ಗಟ್ಟಿಯಾಗಿ ಕೂತು ದಾರಿ ಕಿರಿದಾಗುತ್ತದೆ. ಅದೇ ಪೆಟ್ಟಿಗೆಯ ಗುಂಡಿಗೆ ಒಮ್ಮೆಲೇ ಬೋಲ್ಟ್ ಎತ್ತಲು ಬಿಗಿಯಾಗುವುದು, ವೇಗ ಏರಿಳಿಯುವುದು ಇದರ ಲಕ್ಷಣ. ಮಾಮೂಲಿ ದ್ರಾವಕ ಇದನ್ನು ಕರಗಿಸುವುದಿಲ್ಲ. ಇಂಗಾಲ ತೆಗೆಯುವ ದ್ರಾವಕವನ್ನು ಹದಿನೈದು ನಿಮಿಷ ನೆನೆಯಲು ಬಿಟ್ಟು, ಕಂಚಿನ ಬ್ರಷ್‌ನಿಂದ ಗಂಟಲನ್ನಷ್ಟೇ ಉಜ್ಜಬೇಕು. 200–300 ಗುಂಡಿಗೊಮ್ಮೆ ಮಾಡಿದರೆ ಗಟ್ಟಿಯಾಗುವ ಮುನ್ನವೇ ಹೋಗುತ್ತದೆ.

ನಳಿಗೆಯ ಉದ್ದ

ಪ್ರತಿ ಇಂಚು ಕಡಿತಕ್ಕೆ ಎರಡರಲ್ಲೂ ಸೆಕೆಂಡಿಗೆ ಸುಮಾರು 6–8 ಮೀಟರ್ ವೇಗ ಹೋಗುತ್ತದೆ. ಕ್ರೀಡ್‌ಮೋರ್‌ನ ಬಲವೆಲ್ಲ ದೂರದಲ್ಲಿರುವುದರಿಂದ ಅದಕ್ಕೆ 22–24 ಇಂಚು ಒಪ್ಪುತ್ತದೆ. ದಟ್ಟ ಕಾಡಿನಲ್ಲಿ, ಸಪ್ರೆಸರ್ ಜೋಡಿಸಿ, 200 ಮೀಟರಿನೊಳಗೆ ಹೊಡೆಯುವವರಿಗೆ 18 ಇಂಚಿನ .308 ಕೈಗೂ ಹಗುರ, ಕೆಲಸಕ್ಕೂ ಸಾಕು.

ಮದ್ದುಗುಂಡು ಕೊಳ್ಳುವಾಗ

ಅಗ್ಗದ ಅಭ್ಯಾಸದ ಗುಂಡು ಬೇಕೆಂದರೆ .308. ಸೇನೆಯ ಹೆಚ್ಚುವರಿ ದಾಸ್ತಾನೂ ಸಿಗುತ್ತದೆ, ಆದರೆ ಅದರಲ್ಲಿ ಮೂರು ಎಚ್ಚರ. ಒಂದು, ಉಕ್ಕಿನ ತಿರುಳಿರುವ ಗುಂಡನ್ನು ಹಲವು ರೇಂಜ್‌ಗಳು ಒಳಗೇ ಬಿಡುವುದಿಲ್ಲ, ಬಾಗಿಲಲ್ಲೇ ಅಯಸ್ಕಾಂತ ಹಿಡಿದು ನೋಡುತ್ತಾರೆ. ಎರಡು, ಗುಂಪು ಅಷ್ಟೊಂದು ಬಿಗಿಯಾಗಿರುವುದಿಲ್ಲ, ಆದ್ದರಿಂದ ಅದರಿಂದ ಸ್ಕೋಪ್ ಹೊಂದಿಸಬೇಡಿ. ಮೂರನೆಯದು ಅಪಾಯದ್ದು: 7.62×51 ಸೇನಾ ಛೇಂಬರ್ .308ರ ಛೇಂಬರಿಗಿಂತ ಇಂಚಿನ ಕೆಲವು ಸಾವಿರದಂಶ ಉದ್ದವಿರಬಹುದು. ಸೇನಾ ಕೇಸ್ ದಪ್ಪ, ಹಿಗ್ಗಿದರೂ ತಡೆಯುತ್ತದೆ. ತೆಳುವಾದ ವಾಣಿಜ್ಯ .308 ಕೇಸ್ ಹಳೆಯ ಸೇನಾ ರೈಫಲ್‌ನಲ್ಲಿ ಹಿಗ್ಗಿ ಬುಡದ ಹತ್ತಿರ ಸೀಳಬಹುದು. ಅಂಥ ರೈಫಲ್ ಇದ್ದರೆ ಛೇಂಬರಿನ ಈ ಉದ್ದವನ್ನು ಹೆಡ್‌ಸ್ಪೇಸ್ ಗೇಜಿನಿಂದ ಅಳೆಸಿಯೇ ಬಳಸಿ.

ಕ್ರೀಡ್‌ಮೋರ್‌ನ ಪೆಟ್ಟಿಗೆಗಳ ಸರಾಸರಿ ಗುಣಮಟ್ಟ ಮೇಲು, ಸರಾಸರಿ ಬೆಲೆಯೂ ಮೇಲು.

ಕಾಡತೂಸನ್ನು ಕೈಯಲ್ಲಿ ತುಂಬಿಕೊಳ್ಳುವವರು ಕ್ರೀಡ್‌ಮೋರ್ ಕೇಸ್ ಕೊಳ್ಳುವಾಗ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆ) ಕೂರುವ ಗುಂಡಿಯ ಅಳತೆ ಕೇಳಿ. ದೊಡ್ಡ ರೈಫಲ್ ಪ್ರೈಮರಿನ ಕೇಸೂ ಇದೆ, ಸಣ್ಣದರದ್ದೂ ಇದೆ, ಎರಡನ್ನೂ ಬೆರೆಸಿದರೆ ಪ್ರೆಸ್‌ನಲ್ಲಿ ಕೆಲಸ ಕೆಡುತ್ತದೆ. .308ರಲ್ಲಿ ಸೇನಾ ಕೇಸಿನ ಒಳಜಾಗ ಕಡಿಮೆ. ವಾಣಿಜ್ಯ ಕೇಸಿಗೆ ಬರೆದ ಮದ್ದಿನ ಅಳತೆಯನ್ನು ಅದಕ್ಕೆ ಸುರಿದರೆ ಒತ್ತಡ ಮಿತಿ ಮೀರುತ್ತದೆ. ಯಾವುದೇ ಕೇಸಿಗಾದರೂ ಕೈಪಿಡಿಯ ಆರಂಭದ ಅಳತೆಯಿಂದಲೇ ಶುರುಮಾಡಿ. ಬಳಸಿದ ಕೇಸನ್ನು ಮತ್ತೆ ಅಳತೆಗೆ ತರುವಾಗ ಭುಜವನ್ನು 0.05 ಮಿ.ಮೀ.ಗಿಂತ ಹೆಚ್ಚು ಹಿಂದಕ್ಕೆ ತಳ್ಳಬೇಡಿ, ನಾಲ್ಕೈದು ಸಲಕ್ಕೇ ಕೇಸಿನ ಬುಡದ ಮೇಲೆ ಹೊಳೆಯುವ ಗೆರೆ ಕಂಡರೆ ಅದನ್ನು ಬಿಸಾಡಿ.

ಎರಡೂ ರೈಫಲ್ ಒಂದೇ ಮನೆಯಲ್ಲಿದ್ದರೆ ಗುಂಡುಗಳನ್ನು ಬೇರೆ ಬೇರೆ ಬಣ್ಣದ ಡಬ್ಬಿಗಳಲ್ಲಿಡಿ. ಕೇಸಿನ ಬುಡ ಒಂದೇ ಅಳತೆ, ಜೇಬಿನಲ್ಲಿ ಬೆರಳಿಗೆ ವ್ಯತ್ಯಾಸ ತಿಳಿಯದು. ಬುಡದ ಮುದ್ರೆ ಓದಿಯೇ ಮ್ಯಾಗಜೀನ್ ತುಂಬಿ. ಬೋಲ್ಟ್ ಮುಚ್ಚಲು ಎಂದಿಗಿಂತ ಹೆಚ್ಚು ಬಲ ಬೇಕೆನಿಸಿದರೆ ನಿಲ್ಲಿಸಿ, ಒತ್ತಬೇಡಿ.

ಹೊಂದಿಸುವ ಕ್ರಮ

ಸ್ಕೋಪ್ ಉಂಗುರದ ತಿರುಪುಗಳನ್ನು ಟಾರ್ಕ್ ಸ್ಕ್ರೂಡ್ರೈವರ್‌ನಿಂದ 2 ನ್ಯೂಟನ್ ಮೀಟರ್ ದಾಟದಂತೆ ಬಿಗಿಯಿರಿ, ತಯಾರಕರ ಅಂಕಿ ಬೇರೆ ಇದ್ದರೆ ಅದೇ ಸರಿ. ಗುಂಪು ಕಾರಣವಿಲ್ಲದೆ ಚದುರುವ ರೈಫಲ್‌ಗಳಲ್ಲಿ ಬಹಳಷ್ಟು ಸಡಿಲ ತಿರುಪಿನವೇ.

ಮೊದಲು 25 ಮೀಟರಿನಲ್ಲಿ ಹಲಗೆಗೆ ಬೀಳುವಂತೆ ಮಾಡಿ, ಆಮೇಲೆ 100 ಮೀಟರಿಗೆ ಹೋಗಿ. 0.1 ಮಿಲ್‌ನ ಒಂದು ಕ್ಲಿಕ್ ಅಲ್ಲಿ 1 ಸೆಂ.ಮೀ. ಮೂರು ಗುಂಡಿನ ಗುಂಪು ನೋಡಿ ಸ್ಕೋಪ್ ತಿರುಗಿಸಬೇಡಿ. ಮೂರು ಗುಂಡು ಅದೃಷ್ಟದಿಂದಲೂ ಒಂದೆಡೆ ಬೀಳುತ್ತವೆ. ಹತ್ತು ಗುಂಡಿನ ಗುಂಪಿನ ನಡುವನ್ನು ಗುರುತಿಸಿ ಅದಕ್ಕೆ ಹೊಂದಿಸಿ. ಬೇಟೆಗೆ 4 ಸೆಂ.ಮೀ. ಮೇಲೆ, ಮಿಲ್ ತಿರುಗಿಸಿ ಆಡುವ ದೂರದ ಗುರಿಗೆ ನೇರ ನಡುವೆ. ಬೇಟೆಗಾರರು ಬೇರೆ ದಿನ ತಣ್ಣಗಿನ ನಳಿಗೆಯಿಂದ ಒಂದೇ ಗುಂಡು ಹಾರಿಸಿ ನೋಡಬೇಕು, ಕಾಡಿನಲ್ಲಿ ಲೆಕ್ಕಕ್ಕೆ ಬರುವುದು ಆ ಮೊದಲ ಗುಂಡೇ. ಹೊಸ ಕ್ರೀಡ್‌ಮೋರ್ ನಳಿಗೆಯಲ್ಲಿ ಮೊದಲ ನೂರಿನ್ನೂರು ಗುಂಡುಗಳ ಹೊತ್ತಿಗೆ ವೇಗ ಸ್ವಲ್ಪ ಏರಿ ಆಮೇಲೆ ನಿಲ್ಲುವುದು ಸಾಮಾನ್ಯ. ಇಳಿತದ ಪಟ್ಟಿಯನ್ನು ಅದಕ್ಕೂ ಮುಂಚೆ ಮಾಡಿದರೆ 700 ಮೀಟರಿನಲ್ಲಿ ಗುಂಡು ಮೇಲೆ ಹೋಗುತ್ತದೆ.

ಉಕ್ಕಿನ ಹಲಗೆಗೆ ಹೊಡೆಯುವುದಾದರೆ ಎಆರ್500 ದರ್ಜೆಯ (ಗಟ್ಟಿಗೊಳಿಸಿದ ಉಕ್ಕು) 9.5 ಮಿ.ಮೀ. ದಪ್ಪದ್ದು, ದೂರ ಕನಿಷ್ಠ 100 ಮೀಟರ್, ಮುಂದಕ್ಕೆ ಸ್ವಲ್ಪ ಬಾಗಿಸಿ ತೂಗುಹಾಕಿದ್ದು. ಕುಳಿ ಬಿದ್ದ ಹಲಗೆ ಚೂರುಗಳನ್ನು ಹಿಂದಕ್ಕೆ ಎಸೆಯುತ್ತದೆ, ಅದನ್ನು ಬದಲಿಸಿ. ಈ ಎರಡೂ ಕಾಡತೂಸುಗಳ ಗುಂಡು ತಡೆಯಿಲ್ಲದಿದ್ದರೆ ನಾಲ್ಕು ಕಿಲೋಮೀಟರ್ ಅಥವಾ ಅದಕ್ಕೂ ಹೆಚ್ಚು ದೂರ ಹೋಗಬಲ್ಲದು. ಹಿಂದೆ ಮಣ್ಣಿನ ದಿಬ್ಬ ಕಾಣದಿದ್ದರೆ ಗುಂಡು ಹಾರಿಸಬೇಡಿ.

ಯಾರಿಗೆ ಯಾವುದು

250 ಮೀಟರಿನೊಳಗಿನ ಜಿಂಕೆ ಬೇಟೆ, ವರ್ಷಕ್ಕೆ ನೂರು ಗುಂಡಿನೊಳಗೆ: ಒದೆತದ ಕಾರಣಕ್ಕೆ ಕ್ರೀಡ್‌ಮೋರ್. ಅದೇ ದೂರದಲ್ಲಿ ಹಂದಿ, ಮೂಸ್, ದಟ್ಟ ಕಾಡು, ಗಿಡ್ಡ ನಳಿಗೆ: .308. 500 ಮೀಟರಿನಾಚೆಯ ಸ್ಪರ್ಧೆ: ಕ್ರೀಡ್‌ಮೋರ್, ನಳಿಗೆಗೆ ಹಣ ತೆಗೆದಿಟ್ಟುಕೊಂಡು. 300 ಮೀಟರಿನ ರೇಂಜಿನಲ್ಲಿ ವಾರವಾರ ಸುಡುತ್ತ ವರ್ಷಕ್ಕೆ ಸಾವಿರಗಟ್ಟಲೆ ಗುಂಡು ಖಾಲಿ ಮಾಡುವವರು: .308, ಎರಡನೇ ಯೋಚನೆ ಬೇಡ.

ಈಗಾಗಲೇ ಒಂದು ಕೈಯಲ್ಲಿದ್ದು ಇನ್ನೊಂದರ ಮೇಲೆ ಆಸೆಯಾದರೆ ಪೂರ್ತಿ ರೈಫಲ್ ಕೊಳ್ಳಬೇಕಿಲ್ಲ. ಬೋಲ್ಟ್ ಮುಖ ಒಂದೇ ಇರುವುದರಿಂದ ನಳಿಗೆ ಬದಲಿಸಿದರೆ ಕೆಲಸ ಮುಗಿಯುತ್ತದೆ. ಹೊಸ ನಳಿಗೆ ಕೂರಿಸಿದ ಮೇಲೆ ಆ ಕಾಡತೂಸಿನ ಗೋ ಗೇಜ್ (ಛೇಂಬರಿನ ಕನಿಷ್ಠ ಅಳತೆ) ಮೇಲೆ ಬೋಲ್ಟ್ ಮುಚ್ಚಬೇಕು, ನೋ-ಗೋ (ಮೀರಬಾರದ ಅಳತೆ) ಮೇಲೆ ಮುಚ್ಚಬಾರದು. ಕ್ಯಾಲಿಬರಿನ ಹೆಸರನ್ನು ನಳಿಗೆಯ ಮೇಲೆ ಕೆತ್ತಿಸಿ, ಲೈಸೆನ್ಸಿನಲ್ಲಿ ತಿದ್ದಿಸಬೇಕಾದ ಕಡೆ ತಿದ್ದಿಸಿ, ಆಮೇಲೆ 25 ಮೀಟರಿನಿಂದ ಮತ್ತೆ ಶುರುಮಾಡಿ.